ಕಾರ್ಬುರೇಟರ್ ಮುಟ್ಟೋಕೆ ಮುಂಚೆ

ಅಯ್ಯೋ, ಬಿಡಮ್ಮ ಆ ಜಾವಾ ಗಾಡಿಯ ಕಾರ್ಬುರೇಟರನ್ನ. ಬೆಳಿಗ್ಗೆಯಿಂದ ಆ ಸ್ಕ್ರೂ ಒಳಗೆ ಹೋಯ್ತು, ಹೊರಗೆ ಬಂತು, ಮತ್ತೆ ಒಳಗೆ ಹೋಯ್ತು. ನಾನು ಈ ಕಾಂಪೌಂಡ್ ಪಕ್ಕ ದಾಸವಾಳಕ್ಕೆ ಪಾತಿ ಮಾಡ್ತಾ ಅಷ್ಟೂ ಹೊತ್ತು ಕೇಳಿಸ್ಕೋತಾನೇ ಇದೀನಿ. ಸದ್ದಲ್ಲೇ ಗೊತ್ತಾಗುತ್ತೆ, ತೊಂದರೆ ಇರೋದು ಅಲ್ಲಲ್ಲ. ಕೈ ಒರೆಸ್ಕೊಂಡು ಇಲ್ಲಿ ಬಾ, ಎರಡು ಮಾತು ಕೇಳ್ತೀನಿ.

"ಪೆಟ್ರೋಲ್ ಸರಿಯಾಗಿ ಬರ್ತಿಲ್ಲ ಅನ್ಸುತ್ತೆ ಅಂಕಲ್. ಗ್ಯಾರೇಜಲ್ಲೂ ಹಾಗೇ ಅಂದ್ರು, ಜೆಟ್ ಬದಲಾಯಿಸಿ ಕೊಟ್ರು. ಆದ್ರೂ ಎಳೀತಿಲ್ಲ."

ಸ್ಟಾರ್ಟ್ ಆಗೋಕೆ ಹಟ ಮಾಡುತ್ತಾ?

"ಇಲ್ಲ, ಎರಡನೇ ಕಿಕ್ಕಿಗೇ ಆಗುತ್ತೆ. ಕಾಲಿಗೆ ಏಟೂ ಇಲ್ಲ, ಮೆತ್ತಗೆ ಹತ್ಕೊಳುತ್ತೆ."

ಸರಿ. ಸ್ಲೋ ಸ್ಪೀಡಲ್ಲಿ ಚೆನ್ನಾಗೇ ಇರುತ್ತೆ, ಆಕ್ಸಿಲರೇಟರ್ ತಿರುಗಿಸಿದ್ರೆ ಸದ್ದು ಏರುತ್ತೆ, ಗಾಡಿ ಮಾತ್ರ ಅದರ ಜೊತೆ ಏಳಲ್ಲ. ಹೌದಾ? ರಿಂಗ್ ರೋಡಲ್ಲಿ ಒಂದು ಸುತ್ತು ಹೋಗಿ ಬಂದ್ರೆ ಸಿಲಿಂಡರ್ ಹತ್ರ ಕಾಲು ಇಟ್ಕೊಳ್ಳೋಕಾಗಲ್ಲ. ಆ ಎರಡು ಪೈಪಿನ ಬುಡ ನೋಡು, ಕ್ರೋಮ್ ನೀಲಿಗೆ ತಿರುಗಿದೆ. ನಿಮ್ಮ ತಾತ ಓಡಿಸ್ತಿದ್ದಾಗ ಅದು ಬೆಳ್ಳಗೆ ಹೊಳೀತಿತ್ತು. ಇಷ್ಟೇ ಸಾಕು. ಟೈಮಿಂಗ್ ಲೇಟಾಗಿದೆ ಕಣಮ್ಮ. ಹಳೇ ಗಾಡಿಗಳಲ್ಲಿ ಕಾರ್ಬುರೇಟರ್ ತಲೆಗೆ ಕಟ್ಟೋ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಸ್ಪಾರ್ಕಿನ ಟೈಮಿಂಗ್ ಹಿಡಿಯೋ ಪಾಯಿಂಟಿಂದು. ಕಾರ್ಬುರೇಟರ್ ಹೊರಗೆ ಕಾಣುತ್ತೆ, ಸ್ಕ್ರೂ ಕೈಗೆ ಸಿಗುತ್ತೆ, ಎಲ್ಲರೂ ಅದನ್ನೇ ತಿರುಗಿಸ್ತಾರೆ. ಪಾಯಿಂಟ್ ನೋಡ್ಬೇಕು ಅಂದ್ರೆ ಕವರ್ ಬಿಚ್ಬೇಕು, ಕೂತ್ಕೋಬೇಕು, ಸ್ವಲ್ಪ ಯೋಚನೆ ಮಾಡ್ಬೇಕು. ಅದಕ್ಕೇ ಯಾರೂ ಆ ಕಡೆ ಹೋಗಲ್ಲ.

"ಟೈಮಿಂಗ್ ಅಂದ್ರೆ ಸ್ಪಾರ್ಕ್ ಬರೋ ಹೊತ್ತು ಅಲ್ವಾ? ಪಿಸ್ಟನ್ ಮೇಲೆ ಬಂದಾಗ ಸ್ಪಾರ್ಕ್ ಬರುತ್ತೆ, ಅಷ್ಟೇ ತಾನೇ?"

ಅಷ್ಟೇ ಅಲ್ಲ. ಮೇಲೆ ಬಂದಾಗ ಅಲ್ಲ, ಮೇಲೆ ಬರೋಕೆ ಮುಂಚೆ. ಇದು ತಲೆಗೆ ಹತ್ತಿದ್ರೆ ಉಳಿದಿದ್ದೆಲ್ಲಾ ತಾನಾಗೇ ಹತ್ತುತ್ತೆ. ಪೆಟ್ರೋಲು ಗಾಳಿ ಸೇರಿದ್ದು ಒಂದೇ ಏಟಿಗೆ ಸಿಡಿಯಲ್ಲ. ಒಣ ಹುಲ್ಲಿನ ಮೆದೆಗೆ ಒಂದು ಮೂಲೇಲಿ ಕಿಡಿ ಬಿದ್ರೆ ಬೆಂಕಿ ಅಲ್ಲಿಂದ ಹಬ್ಕೊಂಡು ಹೋಗುತ್ತಲ್ಲ, ಹಾಗೆ ಪ್ಲಗ್ಗಿನ ತುದಿಯಿಂದ ಶುರುವಾಗಿ ಉರಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹಬ್ಬಬೇಕು. ಅದಕ್ಕೆ ಹೊತ್ತು ಬೇಕು. ಬಹಳ ಕಡಿಮೆ ಹೊತ್ತು, ಆದ್ರೆ ಎಂಜಿನ್‌ಗೆ ಅದೇ ದೊಡ್ಡದು. ಲೆಕ್ಕ ಹಾಕು. ನಿಮಿಷಕ್ಕೆ 3,000 ಸುತ್ತು ಅಂದ್ರೆ ಸೆಕೆಂಡಿಗೆ 50. ಒಂದು ಸುತ್ತಿಗೆ ಸೆಕೆಂಡಿನ 50ರಲ್ಲಿ ಒಂದು ಭಾಗ. ಆ ಸುತ್ತಲ್ಲಿ 20 ಡಿಗ್ರಿ ತಿರುಗೋಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಒಂಚೂರು ಜಾಸ್ತಿ ಸಾಕು. ಉರಿಗೆ ಸಿಗೋ ಅವಕಾಶ ಇಷ್ಟೇ. ಒತ್ತಡ ಅತಿ ಹೆಚ್ಚು ಆಗೋದು ಪಿಸ್ಟನ್ ಟಾಪ್ ದಾಟಿ 10-15 ಡಿಗ್ರಿ ಕೆಳಗಿಳಿಯೋ ಹೊತ್ತಿಗೆ ಆದ್ರೆ, ಆ ಏಟು ಸರಿಯಾಗಿ ಕ್ರ್ಯಾಂಕಿಗೆ ಬೀಳುತ್ತೆ. ಹಾಗೆ ಬೀಳ್ಬೇಕು ಅಂದ್ರೆ ಪಿಸ್ಟನ್ ಇನ್ನೂ ಮೇಲೇರ್ತಾ ಇರುವಾಗಲೇ ಕಿಡಿ ಹಾರಿರಬೇಕು.

ಕಿಡಿ ತಡವಾದ್ರೆ ಏನಾಗುತ್ತೆ? ಪಿಸ್ಟನ್ ಇಳಿದು ಹೋಗ್ತಾ ಇರುತ್ತೆ, ಉರಿ ಅದನ್ನ ಅಟ್ಟಿಸ್ಕೊಂಡು ಹೋಗುತ್ತೆ. ತಳ್ಳೋಕೆ ಸಿಗೋ ದೂರ ಕಮ್ಮಿ. ಉರಿ ಪೂರ್ತಿ ಮುಗಿಯೋಕೆ ಮುಂಚೆನೇ ಎಕ್ಸಾಸ್ಟ್ ಪೋರ್ಟ್ ತೆರ್ಕೊಳುತ್ತೆ, ಇನ್ನೂ ಉರೀತಾ ಇರೋ ಗ್ಯಾಸು ಪೈಪಿಗೆ ನುಗ್ಗುತ್ತೆ. ನಿನ್ನ ಪೈಪು ನೀಲಿ ಆಗಿರೋದು ಅದಕ್ಕೇ. ಶಕ್ತಿ ಚಕ್ರಕ್ಕೆ ಹೋಗೋ ಬದಲು ಕಬ್ಬಿಣ ಕಾಯಿಸೋಕೆ ಖರ್ಚಾಗ್ತಿದೆ.

"ಹಾಗಾದ್ರೆ ಬೇಗ ಇಟ್ಟುಬಿಟ್ರೆ ಒಳ್ಳೇದಲ್ವಾ?"

ಅಲ್ಲೇ ಜನ ಕೆಡೋದು. ಬೇಗ ಮಾಡಿದ್ರೆ ಪಿಕಪ್ ಚುರುಕಾದ ಹಾಗೆ ಕಾಣುತ್ತೆ, ಅದರ ಆಸೆಗೆ ಇನ್ನಷ್ಟು ಮುಂದಕ್ಕೆ ತಳ್ತಾರೆ. ಪಿಸ್ಟನ್ ಮೇಲೆ ಬರ್ತಿರುವಾಗಲೇ ಒತ್ತಡ ಏರಿ ಅದನ್ನ ಕೆಳಕ್ಕೆ ಒತ್ತುತ್ತೆ. ಕಿಕ್ಕರ್ ರಿಟರ್ನ್ ಹೊಡೆಯುತ್ತೆ, ಹಿಮ್ಮಡಿ, ಮಂಡಿ ಎರಡಕ್ಕೂ ಪೆಟ್ಟು. ಓಡುವಾಗ ಏರಿನಲ್ಲಿ ಕಿಣಿಕಿಣಿ ಅನ್ನೋ ಸದ್ದು ಶುರುವಾಗುತ್ತೆ. ಅದು ಕೇಳಿಸ್ತಾ ಇದ್ರೂ ಹಾಗೇ ಓಡಿಸ್ತಾ ಹೋದ್ರೆ ಪಿಸ್ಟನ್ ನೆತ್ತಿ ಕಾದು ಕರಗಿ ತೂತಾಗುತ್ತೆ. ಲೇಟಾದ ಟೈಮಿಂಗ್ ಗಾಡೀನ ಸೋಮಾರಿ ಮಾಡುತ್ತೆ, ಬೇಗಾದ ಟೈಮಿಂಗ್ ಎಂಜಿನ್ನನ್ನೇ ತಿನ್ನುತ್ತೆ. ಎರಡರಲ್ಲಿ ಒಂದನ್ನ ಆರಿಸ್ಕೋ ಅಂದ್ರೆ ನಾನು ಲೇಟನ್ನೇ ಆರಿಸ್ತೀನಿ. ಆದ್ರೆ ಸರಿಯಾಗೇ ಇಡೋಕೆ ಸಾಧ್ಯ ಇರುವಾಗ ಅದೂ ಯಾಕೆ?

ಜಾವಾದಲ್ಲಿ ಇನ್ನೊಂದು ವಿಶೇಷ ಇದೆ, ಕೇಳಿದ್ದೀಯೋ ಇಲ್ವೋ. ಟೂ ಸ್ಟ್ರೋಕ್ ಎಂಜಿನ್ನಿನ ಪೋರ್ಟುಗಳನ್ನ ತೆರೆಯೋದು ಮುಚ್ಚೋದು ಎಲ್ಲಾ ಪಿಸ್ಟನ್ನೇ. ಎಂಜಿನ್ ಯಾವ ಕಡೆ ತಿರುಗಿದ್ರೂ ಆ ಪೋರ್ಟುಗಳಿಗೆ ವ್ಯತ್ಯಾಸ ಇಲ್ಲ. ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಆಗಿದ್ದು, ನೀನು ಕಿಕ್ಕನ್ನ ಅರ್ಧಂಬರ್ಧ ಹೊಡೆದ್ರೆ, ಪಿಸ್ಟನ್ ಟಾಪ್ ದಾಟದೆ ವಾಪಸ್ ಒದ್ದು ಎಂಜಿನ್ ಉಲ್ಟಾ ತಿರುಗೋಕೆ ಶುರು ಮಾಡುತ್ತೆ. ಉಲ್ಟಾ ಓಡ್ತಾನೇ ಇರುತ್ತೆ. ಗೇರ್ ಹಾಕಿ ಕ್ಲಚ್ ಬಿಟ್ರೆ ಗಾಡಿ ಹಿಂದಕ್ಕೆ ಹೋಗುತ್ತೆ. ಜಾವಾ, ಯೆಜ್ದಿ ಇಟ್ಟಿದ್ದ ಹಳಬರನ್ನ ಕೇಳು, ಇದನ್ನ ಕಣ್ಣಾರೆ ಕಂಡವರು ಸಿಗ್ತಾರೆ. ಸ್ಟಾರ್ಟ್ ಆದಾಗ ಸದ್ದು ಒಂಥರಾ ಒರಟಾಗಿದೆ ಅನ್ನಿಸಿದ್ರೆ ಗೇರ್ ಹಾಕ್ಬೇಡ, ಮೊದಲು ಆಫ್ ಮಾಡು. ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದಾಗ ಹಿಂದೆ ಮಕ್ಕಳು ಆಡ್ತಿರ್ತಾರೆ, ನೆನಪಿರಲಿ.

ಈ ಗಾಡಿ ಹುಟ್ಟಿದ್ದು ಎಲ್ಲಿ ಗೊತ್ತಲ್ಲ? ನಮ್ಮ ಮೈಸೂರಿನ ಯಾದವಗಿರೀಲೇ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಪರವಾನಗಿ ತಗೊಂಡು ಇರಾನಿ ಕುಟುಂಬದೋರು ಐಡಿಯಲ್ ಜಾವಾ ಅಂತ 1960ರ ದಶಕದ ಶುರುವಲ್ಲಿ ಕಾರ್ಖಾನೆ ತೆರೆದ್ರು. ಉದ್ಘಾಟನೆ ಮಾಡಿದೋರು ಜಯಚಾಮರಾಜ ಒಡೆಯರು, ಆಗ ಅವರು ರಾಜ್ಯಪಾಲರು. 1973ರ ಹೊತ್ತಿಗೆ ಟ್ಯಾಂಕ್ ಮೇಲಿನ ಹೆಸರು ಯೆಜ್ದಿ ಆಯ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿ ಇಷ್ಟು ವರ್ಷ ಆದ್ರೂ ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಜನ ಗಾಡಿ ಒರೆಸಿ ಹೊರಗೆ ತರ್ತಾರೆ. ನನಗೆ ಅದರಲ್ಲಿ ಬಲು ಹೆಮ್ಮೆ. ಆದ್ರೆ ಬರೀ ಪಾಲಿಶ್ ಹೊಡೆದು ಸಾಲಾಗಿ ನಿಲ್ಲಿಸಿದ್ರೆ ಸಾಲದು ಅನ್ನೋದು ನನ್ನ ಮಾತು. ಆ ಕಾರ್ಖಾನೆಯೋರು ಗಾಡಿ ಜೊತೆ ಕೊಡ್ತಿದ್ದ ಪುಸ್ತಕದಲ್ಲಿ ಟೈಮಿಂಗ್ ಹೇಗೆ ಇಡೋದು ಅಂತ ಬರೆದೇ ಕೊಡ್ತಿದ್ರು. ಗಾಡಿ ಕೊಂಡೋನು ತಾನೇ ಇದನ್ನ ಮಾಡ್ಕೋತಾನೆ ಅಂತ ನಂಬಿದ್ದ ಕಾಲ ಅದು. ಆ ನಂಬಿಕೆ ಉಳಿಸ್ಕೋಬೇಕು.

"ನಾನೇ ಮಾಡ್ಬಹುದಾ ಅಂಕಲ್? ನಿಜವಾಗಲೂ?"

ಯಾಕೆ ಆಗಲ್ಲ? ಬಲಗಡೆ ಕವರ್ ಬಿಚ್ಚಿದ್ರೆ ಡೈನಮೋ ಕಾಣುತ್ತೆ. ಕ್ರ್ಯಾಂಕ್ ಶಾಫ್ಟಿನ ತುದಿಗೇ ಆರ್ಮೇಚರ್, ಅದರ ತುದೀಲಿ ಸಣ್ಣ ಕ್ಯಾಮ್. ಕ್ಯಾಮ್ ಮೇಲೆ ಒರಗಿಕೊಂಡು ಪಾಯಿಂಟ್. ಪಾಯಿಂಟಲ್ಲಿ ಒಂದು ಕಪ್ಪು ಫೈಬರ್ ಇರುತ್ತಲ್ಲ, ಅದನ್ನ ಕ್ಯಾಮಿನ ಉಬ್ಬು ತಳ್ಳಿದಾಗ ಎರಡು ಪಾಯಿಂಟು ಬೇರೆ ಆಗುತ್ವೆ. ಬೇರೆ ಆಗೋ ಆ ಗಳಿಗೇಲೇ ಕಿಡಿ ಹಾರೋದು.

"ಕೂಡಿದಾಗ ಅಲ್ವಾ? ಕೂಡಿದ್ರೆ ತಾನೇ ಕರೆಂಟ್ ಹರಿಯೋದು?"

ಬಹಳ ಜನ ಹಾಗೇ ತಿಳ್ಕೊಂಡಿದಾರೆ. ಕೂಡಿರುವಾಗ ಬ್ಯಾಟರಿ ಕರೆಂಟ್ ಕಾಯಿಲ್ ಒಳಗೆ ಹರಿದು ಅಲ್ಲಿ ಅಯಸ್ಕಾಂತದ ಬಲ ತುಂಬ್ಕೊಳುತ್ತೆ. ಪಾಯಿಂಟ್ ಬಿಟ್ಟ ತಕ್ಷಣ ಆ ಬಲ ಕುಸಿಯುತ್ತೆ, ಕುಸಿಯೋ ರಭಸಕ್ಕೆ ಎರಡನೇ ಸುತ್ತಿನ ತಂತೀಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಲ್ಲಿ ಹಾರುತ್ತೆ. ಆ ಕುಸಿತ ಥಟ್ ಅಂತ ಆಗ್ಬೇಕು. ಪಾಯಿಂಟ್ ಬಿಡುವಾಗ ಅಲ್ಲೇ ಕಿಡಿ ಹಾರಿದ್ರೆ ಕರೆಂಟ್ ಎಳೆದಾಡಿ ನಿಲ್ಲುತ್ತೆ. ಅದನ್ನ ತಡೆಯೋಕೆ ಪಕ್ಕದಲ್ಲಿ ಕಂಡೆನ್ಸರ್. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅನ್ನೋರು ಕ್ಯಾಡಿಲಾಕ್ ಕಾರಿಗೆ ಅಂತ ಕಟ್ಟಿದ ಏರ್ಪಾಡು ಇದು. ನಿಮ್ಮ ತಾತನ ಗಾಡೀಲಿ ಇರೋದೂ ಅದೇ.

ಈಗ ಫೈಬರ್ ವಿಷಯಕ್ಕೆ ಬಾ. ನಿನ್ನ ಗಾಡಿಯ ಕತೆ ಇರೋದೇ ಅದರಲ್ಲಿ. ಕ್ಯಾಮ್ ಮೇಲೆ ಒಂಚೂರು ಗ್ರೀಸ್ ಇಲ್ಲದೆ ಓಡಿದ್ರೆ ಫೈಬರ್ ಸವೆಯುತ್ತೆ. ಸವೆದ ಹಾಗೆಲ್ಲ ಕ್ಯಾಮ್ ಅದನ್ನ ತಳ್ಳೋಕೆ ಶುರು ಮಾಡೋದು ತಡ ಆಗುತ್ತೆ, ಪಾಯಿಂಟ್ ತೆರೆಯೋದೂ ತಡ ಆಗುತ್ತೆ. ಗ್ಯಾಪ್ ಕಮ್ಮಿ ಆದ್ರೆ ಟೈಮಿಂಗ್ ಲೇಟು, ಗ್ಯಾಪ್ ಜಾಸ್ತಿ ಆದ್ರೆ ಟೈಮಿಂಗ್ ಬೇಗ. ಯಾರೂ ಮುಟ್ಟದೇ ಇದ್ರೂ, ಒಂದು ಸ್ಕ್ರೂ ಸಡಿಲ ಆಗದೇ ಇದ್ರೂ, ಟೈಮಿಂಗ್ ತಾನಾಗೇ ಹಿಂದಕ್ಕೆ ಜಾರ್ತಾ ಇರುತ್ತೆ. ದಿನಾ ಓಡಿಸೋರಿಗೆ ಗೊತ್ತೇ ಆಗಲ್ಲ, ಕೈ ಅದಕ್ಕೆ ಹೊಂದ್ಕೊಂಡುಬಿಡುತ್ತೆ.

ಅದಕ್ಕೇ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಪ್ಪಿಸ್ಬೇಡ. ಟೈಮಿಂಗ್ ಇಟ್ಟು ಆಮೇಲೆ ಗ್ಯಾಪ್ ಸರಿ ಮಾಡಿದ್ರೆ ಇಟ್ಟಿದ್ದೆಲ್ಲಾ ಕೆಡುತ್ತೆ.

ಪಾಯಿಂಟ್ ಬಿಡಿಸಿ ಬಿಸಿಲಿಗೆ ಹಿಡಿದು ನೋಡು. ಒಂದು ಮುಖದಲ್ಲಿ ಸಣ್ಣ ಗುಳಿ, ಎದುರಿನ ಮುಖದಲ್ಲಿ ಅದೇ ಅಳತೆಯ ಗುಬುಟು ಕಾಣುತ್ತೆ. ಲೋಹ ಇಲ್ಲಿಂದ ಅಲ್ಲಿಗೆ ಹೋಗಿ ಕೂತಿರುತ್ತೆ. ಅದು ಜಾಸ್ತಿ ಇದ್ರೆ ಕಂಡೆನ್ಸರ್ ಮೇಲೂ ಒಂದು ಕಣ್ಣಿಡು. ಗುಬುಟು ಇದ್ದಾಗ ಫಿಲ್ಲರ್ ಗೇಜು ಗುಬುಟಿನ ತಲೆ ಮುಟ್ಟಿ ಸುಳ್ಳು ಲೆಕ್ಕ ಕೊಡುತ್ತೆ. ಸಣ್ಣ ಅರದಲ್ಲಿ ಎರಡೂ ಮುಖ ಚಪ್ಪಟೆ ಮಾಡು, ಪೂರ್ತಿ ಹೊಳೆಯೋ ತನಕ ಉಜ್ಜೋದು ಬೇಡ. ಉಪ್ಪು ಕಾಗದದಲ್ಲಿ ಉಜ್ಜಿದ್ರೆ ಅದರ ಮರಳು ಮುಖಕ್ಕೆ ಚುಚ್ಕೊಳುತ್ತೆ, ಅದು ಬೇಡ. ಅರ ಹಾಕಿದ ಮೇಲೆ ಒಂದು ಬಿಳಿ ಹಾಳೆಗೆ ಪೆಟ್ರೋಲ್ ತಾಗಿಸಿ ಎರಡರ ಮಧ್ಯೆ ಎಳೆದು ಒರೆಸು. ಹಾಳೆ ಕಪ್ಪಾಗೋದು ನಿಲ್ಲೋ ತನಕ. ಆಮೇಲೆ ಪಾಯಿಂಟ್ ಅತಿ ಹೆಚ್ಚು ತೆರೆಯೋ ಜಾಗಕ್ಕೆ ಕ್ಯಾಮ್ ತಿರುಗಿಸಿ 0.4 ಮಿ.ಮೀ. ಬ್ಲೇಡ್ ಹಾಕು. ಬ್ಲೇಡ್ ಮೆತ್ತಗೆ ತಾಗ್ತಾ ಜಾರ್ಬೇಕು. ಬಿಗಿ ಆಗಿ ಒತ್ಕೊಂಡು ಹೋದ್ರೆ ಸ್ಪ್ರಿಂಗು ಹಿಂದಕ್ಕೆ ಹೋಗಿರುತ್ತೆ, ಅಳತೆ ಸುಳ್ಳು.

ಬ್ಲೇಡ್ ಅಲ್ಲೇ ಇರುವಾಗ ಇನ್ನೊಂದು ಕೆಲಸ ಮಾಡು, ಇದನ್ನ ಯಾವ ಗ್ಯಾರೇಜಲ್ಲೂ ಮಾಡೋದು ನಾನು ಕಂಡಿಲ್ಲ. ಆರ್ಮೇಚರನ್ನ ಬೆರಳಲ್ಲಿ ಹಿಡಿದು ಮೇಲಕ್ಕೆ ಕೆಳಕ್ಕೆ ಅಲುಗಿಸು. ಬ್ಲೇಡಿನ ಬಿಗಿ ಬದಲಾದ್ರೆ ಕ್ರ್ಯಾಂಕ್ ಬೇರಿಂಗ್ ಸವೆದಿದೆ ಅಂತ ಅರ್ಥ. ಈ ಗಾಡೀಲಿ ಕ್ಯಾಮ್ ಕ್ರ್ಯಾಂಕಿನ ತುದಿಗೇ ಕೂತಿರೋದರಿಂದ ಬೇರಿಂಗ್ ಆಡಿದ್ರೆ ಗ್ಯಾಪೂ ಆಡುತ್ತೆ, ಗ್ಯಾಪ್ ಆಡಿದ್ರೆ ಟೈಮಿಂಗೂ ಆಡುತ್ತೆ. ಆಗ ನೀನು ಎಷ್ಟು ನಾಜೂಕಾಗಿ ಇಟ್ರೂ ಓಡುವಾಗ ಒಂದೊಂದು ಸುತ್ತಿಗೆ ಒಂದೊಂದು ಥರ. ಮಿಸ್ಸಿಂಗ್ ಮಿಸ್ಸಿಂಗ್ ಅಂತ ಪ್ಲಗ್ ಬದಲಾಯಿಸ್ತಾ ಕೂರ್ತಾರೆ. ಬೇರಿಂಗ್ ಇನ್ನೂ ಸವೆದ್ರೆ ಆರ್ಮೇಚರ್ ಸುತ್ತಲಿನ ಫೀಲ್ಡ್ ಕಾಯಿಲಿಗೆ ಉಜ್ಜೋಕೆ ಶುರುವಾಗುತ್ತೆ, ಅಲ್ಲಿಗೆ ಚಾರ್ಜಿಂಗೂ ಹೋಯ್ತು. ನಿನ್ನದು ಅಷ್ಟು ಆಗಿರಲ್ಲ, ನಿಮ್ಮ ತಾತ ಎಂಜಿನ್ ಮಾಡಿಸಿದ್ರು. ಆದ್ರೂ ನೋಡು.

ಇನ್ನು ಟಾಪ್ ಹುಡುಕೋದು. ಪ್ಲಗ್ ಬಿಚ್ಚಿ, ಸೆಂಟರ್ ಸ್ಟ್ಯಾಂಡ್ ಹಾಕಿ, ನಾಲ್ಕನೇ ಗೇರಿಗೆ ಬಿಟ್ಟು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದ್ರೆ ಪಿಸ್ಟನ್ ಮೆಲ್ಲಗೆ ಏರಿ ಇಳಿಯುತ್ತೆ. ಹಳಬರು ಸೈಕಲ್ ಸ್ಪೋಕ್ ಇಳಿಬಿಟ್ಟು ನೋಡ್ತಿದ್ರು. ಸ್ಪೋಕ್ ಹಾಕೋದಾದ್ರೆ ಮೇಲಿನ ತುದಿ ಕೊಕ್ಕೆ ಥರ ಬಗ್ಗಿಸ್ಕೋ, ಒಳಗೆ ಬಿದ್ದುಹೋದ್ರೆ ಹೆಡ್ ಇಳಿಸ್ಬೇಕಾಗುತ್ತೆ. ಒಳಗೆ ಸ್ಪೋಕ್ ಇರುವಾಗ ಕಿಕ್ ಹೊಡೆಯೋ ಹಾಗೇ ಇಲ್ಲ.

"ಸ್ಪೋಕ್ ಎತ್ತರ ನಿಂತ ಜಾಗ ಟಾಪ್. ಸುಲಭ ಅಲ್ವಾ?"

ಅಲ್ಲೇ ಸೂಕ್ಷ್ಮ ಇರೋದು. ಟಾಪ್ ಹತ್ರ ಪಿಸ್ಟನ್ ನಿಂತೇಬಿಟ್ಟಿದೆಯೇನೋ ಅನ್ನಿಸುತ್ತೆ. ಈ ಎಂಜಿನ್ನಿನ ಸ್ಟ್ರೋಕ್ 75 ಮಿ.ಮೀ., ಬೋರ್ 65. ಟಾಪಿಗೆ ಐದು ಡಿಗ್ರಿ ಹಿಂದೆ ಇದ್ದಾಗ ಪಿಸ್ಟನ್ ಕೆಳಗಿರೋದು ಒಂದು ಮಿ.ಮೀ.ನ ಐದರಲ್ಲಿ ಒಂದು ಭಾಗಕ್ಕಿಂತಲೂ ಕಮ್ಮಿ. ಟಾಪ್ ದಾಟಿ ಐದು ಡಿಗ್ರಿ ಹೋದ್ರೂ ಅಷ್ಟೇ. ಕ್ರ್ಯಾಂಕ್ ಹತ್ತು ಡಿಗ್ರಿ ತಿರುಗಿದ್ರೂ ಸ್ಪೋಕ್ ಅಲುಗಿದ್ದೇ ಕಾಣಲ್ಲ. ಆ ಹತ್ತು ಡಿಗ್ರೀಲಿ ಎಲ್ಲೋ ಒಂದು ಕಡೆ ನೀನು ಟಾಪ್ ಅಂತ ಗೆರೆ ಎಳೆದ್ರೆ, ಆಮೇಲೆ ಅಳೆದಿದ್ದೆಲ್ಲಾ ಅಂದಾಜು. ಮಿಲಿಮೀಟರಲ್ಲೇ ಅಳೆಯೋದಾದ್ರೆ ಪರವಾಗಿಲ್ಲ, ಪಿಸ್ಟನ್ ಅತಿ ಎತ್ತರ ಎಷ್ಟು ಅನ್ನೋದು ಸಿಕ್ಕರೆ ಸಾಕು. ಪುಸ್ತಕದಲ್ಲಿ ಟಾಪಿಗೆ ಮುಂಚೆ ಇಷ್ಟು ಮಿಲಿಮೀಟರ್ ಅಂತ ಕೊಡೋದು ಅದಕ್ಕೇ. ಡಿಗ್ರಿ ಚಕ್ರ ಕಟ್ಟಿ ಅಳೆಯೋರು ಬೇರೆ ದಾರಿ ಹಿಡೀಬೇಕು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಅದರೊಳಗೆ ಮೊಂಡು ತುದಿಯ ಬೋಲ್ಟ್ ಕೂರಿಸಿ, ಪಿಸ್ಟನ್ ಟಾಪಿಗೆ ಬರೋಕೆ ಮುಂಚೆ ಅದಕ್ಕೆ ತಾಗಿ ನಿಲ್ಲೋ ಹಾಗೆ ಮಾಡೋದು. ಒಂದು ಕಡೆಯಿಂದ ಮೆತ್ತಗೆ ತಿರುಗಿಸಿ ತಾಗಿದಲ್ಲಿ ಗುರುತು, ಇನ್ನೊಂದು ಕಡೆಯಿಂದ ತಂದು ತಾಗಿದಲ್ಲಿ ಗುರುತು. ಎರಡರ ನಟ್ಟನಡುವೆ ಟಾಪ್. ಅದರಲ್ಲಿ ಕಣ್ಣಿನ ಅಂದಾಜಿಗೆ ಜಾಗವೇ ಇಲ್ಲ. ನನಗೆ ಬಹಳ ಇಷ್ಟದ ಉಪಾಯ ಅದು.

ಪುಸ್ತಕದಲ್ಲಿ ನಿನ್ನ ಮಾಡೆಲಿಗೆ ಎಷ್ಟು ಕೊಟ್ಟಿದಾರೋ ಅಷ್ಟೇ ಇಡು. ಜಾವಾಗೆ ಇರೋದು ಯೆಜ್ದಿ ರೋಡ್‌ಕಿಂಗಿಗೆ ಬೇಡ, ರೋಡ್‌ಕಿಂಗಿಗೆ ಇರೋದು ಇದಕ್ಕೆ ಬೇಡ. ಮೂರು ಮಿ.ಮೀ. ಅಂತ ಇದೆ ಅಂದ್ಕೋ, ಆ 75ರ ಸ್ಟ್ರೋಕಿಗೆ ಅದು ಹೆಚ್ಚುಕಮ್ಮಿ 20 ಡಿಗ್ರಿ. ಅಲ್ಲಿ ಅರ್ಧ ಮಿ.ಮೀ. ತಪ್ಪಿದ್ರೆ ಎರಡು ಡಿಗ್ರಿ ಹತ್ರ ತಪ್ಪಿದ ಹಾಗೆ. ಅದಕ್ಕೆ ಸ್ಪೋಕಿಗಿಂತ ವರ್ನಿಯರ್ ಕ್ಯಾಲಿಪರಿನ ಬಾಲ ಒಳ್ಳೇದು. ಪ್ಲಗ್ ತೂತು ಓರೆ ಇರೋ ಹೆಡ್ಡಾದ್ರೆ ಕಡ್ಡಿ ಓರೆಯಾಗಿ ಇಳಿದು ತಪ್ಪು ಅಳತೆ ಹೇಳುತ್ತೆ, ಆಗ ಡಿಗ್ರಿ ಚಕ್ರವೇ ಗತಿ.

ಪಾಯಿಂಟ್ ಬಿಡೋ ಗಳಿಗೆ ಹಿಡಿಯೋಕೆ ಬಲ್ಬು. ಆರು ವೋಲ್ಟಿನ ಸಣ್ಣ ಬಲ್ಬ್ ತಗೊಂಡು ಒಂದು ವೈರ್ ಪಾಯಿಂಟಿನ ವೈರ್ ಕೂತಿರೋ ಕಡೆ, ಇನ್ನೊಂದು ಬಾಡಿಗೆ. ಕೀ ಆನ್. ಪಾಯಿಂಟ್ ಕೂಡಿರುವಾಗ ಕರೆಂಟು ಪಾಯಿಂಟ್ ಮೂಲಕವೇ ಬಾಡಿಗೆ ಹೋಗುತ್ತೆ, ಬಲ್ಬ್ ಹತ್ತಲ್ಲ. ಬಿಟ್ಟ ತಕ್ಷಣ ಹತ್ತುತ್ತೆ. ಚಕ್ರವನ್ನ ಗಾಡಿ ಮುಂದೆ ಹೋಗೋ ದಿಕ್ಕಿಗೇ ತಿರುಗಿಸ್ತಾ ಬಾ, ವರ್ನಿಯರಲ್ಲಿ ಪುಸ್ತಕದ ಲೆಕ್ಕ ಬಂದಾಗ ಬಲ್ಬ್ ಹತ್ತಬೇಕು. ಮುಂಚೆ ಹತ್ತಿದ್ರೆ ಬೇಗ, ಆಮೇಲೆ ಹತ್ತಿದ್ರೆ ಲೇಟು. ಪಾಯಿಂಟ್ ಪ್ಲೇಟಿನ ಸ್ಕ್ರೂ ಸಡಿಲಿಸಿ ಪ್ಲೇಟನ್ನ ಒಂದು ಕೂದಲಷ್ಟು ತಿರುಗಿಸು. ಬಲಗಡೆಯಿಂದ ನೋಡಿದ್ರೆ ಕ್ರ್ಯಾಂಕು ಗಡಿಯಾರದ ಮುಳ್ಳಿನ ಕಡೆ ತಿರುಗುತ್ತೆ, ಪ್ಲೇಟನ್ನ ಅದಕ್ಕೆ ಎದುರು ತಿರುಗಿಸಿದ್ರೆ ಅಡ್ವಾನ್ಸ್, ಅದರ ಜೊತೆ ತಿರುಗಿಸಿದ್ರೆ ರಿಟಾರ್ಡ್. ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೆ ನೋಡಲೇಬೇಕು, ಬಿಗಿ ಮಾಡುವಾಗ ಪ್ಲೇಟ್ ಜರುಗುತ್ತೆ. ಕೀ ಆನ್ ಮಾಡಿಟ್ಟು ಕಾಫಿ ಕುಡಿಯೋಕೆ ಹೋಗ್ಬೇಡ. ಪಾಯಿಂಟ್ ಕೂಡಿದ್ರೆ ಕಾಯಿಲ್ ಕಾದು ಸುಡುತ್ತೆ.

"ನನ್ನ ಫ್ರೆಂಡ್ ಹತ್ರ ಹಳೇ ಬುಲೆಟ್ ಇದೆ. ಅದಕ್ಕೂ ಇದೇನಾ?"

ತತ್ವ ಇದೇ, ಹಾದಿ ಬೇರೆ. ಬುಲೆಟ್ 350 ಫೋರ್ ಸ್ಟ್ರೋಕು, 70 ಬೋರು, 90 ಸ್ಟ್ರೋಕು. ಪಿಸ್ಟನ್ ಎರಡು ಸಲ ಟಾಪಿಗೆ ಬರುತ್ತೆ, ಕಂಪ್ರೆಶನ್ನಿನ ಟಾಪ್ ಯಾವುದು ಅಂತ ಮೊದಲು ಗೊತ್ತಾಗಬೇಕು. ಟ್ಯಾಪೆಟ್ ಕವರ್ ತೆಗೆದು ಪುಶ್ ರಾಡ್ ಬೆರಳಲ್ಲಿ ತಿರುಗಿಸು, ಎರಡೂ ಸಲೀಸಾಗಿ ತಿರುಗಿದ್ರೆ ಅದೇ. ಪಾಯಿಂಟ್ ಗ್ಯಾಪ್ 0.35ರಿಂದ 0.40. ಟಾಪಿಗೆ ಬರೀ 0.8 ಮಿ.ಮೀ. ಮುಂಚೆ ಪಾಯಿಂಟ್ ಬಿಡಬೇಕು.

"ಅಷ್ಟು ಕಮ್ಮೀನಾ? ಇದಕ್ಕೆ ಮೂರು ಅಂದ್ರಿ."

ಒಳ್ಳೇ ಪ್ರಶ್ನೆ. ಬುಲೆಟ್ಟಲ್ಲಿ ಪಾಯಿಂಟಿನ ಕೆಳಗೆ ಎರಡು ಸಣ್ಣ ತೂಕ, ಅವಕ್ಕೆ ಸ್ಪ್ರಿಂಗ್ ಇರುತ್ತೆ. ವೇಗ ಏರಿದ ಹಾಗೆ ತೂಕಗಳು ಹೊರಕ್ಕೆ ಸರಿದು ಕ್ಯಾಮನ್ನ ಮುಂದಕ್ಕೆ ತಿರುಗಿಸ್ತವೆ. ಕಿಕ್ ಹೊಡೆಯುವಾಗ ಹತ್ತು ಡಿಗ್ರಿ ಆಸುಪಾಸು, ಓಡುವಾಗ ತಾನಾಗೇ ಜಾಸ್ತಿ. ಆ 0.8 ಅನ್ನೋದು ತೂಕ ಮಡಚ್ಕೊಂಡು ಕೂತಿರುವಾಗಿನ ಲೆಕ್ಕ. ನಿನ್ನ ಜಾವಾದಲ್ಲಿ ಆ ಏರ್ಪಾಡಿಲ್ಲ, ಒಂದೇ ಲೆಕ್ಕದಲ್ಲಿ ಸ್ಟಾರ್ಟೂ ಆಗ್ಬೇಕು, ಬೆಟ್ಟವೂ ಹತ್ಬೇಕು. ಅದಕ್ಕೇ ಇದಕ್ಕೆ ಅಷ್ಟು ನಿಖರವಾಗಿ ಇಡಬೇಕಾಗೋದು. ಬುಲೆಟ್ಟಿನ ಸ್ಪ್ರಿಂಗು ಸೋತಿದ್ರೆ ಕಿಕ್ ಹೊಡೆಯುವಾಗಲೇ ಅಡ್ವಾನ್ಸ್ ಆಗಿ ಕಾಲಿಗೆ ಒದೆಯುತ್ತೆ, ನಿನ್ನ ಫ್ರೆಂಡಿಗೆ ಹೇಳು. ಇನ್ನೊಂದು, ಅಲ್ಲಿ ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗಕ್ಕೆ ತಿರುಗೋದು, ಪ್ಲೇಟಲ್ಲಿ ಒಂದು ಡಿಗ್ರಿ ತಪ್ಪಿದ್ರೆ ಕ್ರ್ಯಾಂಕಲ್ಲಿ ಎರಡು. ಮಧ್ಯೆ ಗೇರುಗಳ ಆಟ ಬೇರೆ, ಯಾವಾಗಲೂ ಮುಂದಕ್ಕೇ ತಿರುಗಿಸ್ಕೊಂಡು ಬಂದು ನಿಲ್ಲಿಸ್ಬೇಕು.

ಬುಲೆಟ್ಟಿಗೆ ಒಂದು ಅನುಕೂಲ ಇದೆ, ಅದನ್ನ ಕಂಡ್ರೆ ನನಗೆ ಬಲು ಸಂತೋಷ. ಹೆಡ್‌ಲೈಟ್ ಮೇಲೆ ಆಮೀಟರ್ ಇದೆಯಲ್ಲ, ಬಲ್ಬೇ ಬೇಡ. ಲೈಟೆಲ್ಲಾ ಆಫ್ ಮಾಡಿ ಕೀ ಆನ್ ಮಾಡಿದ್ರೆ, ಪಾಯಿಂಟ್ ಕೂಡಿರುವಾಗ ಮುಳ್ಳು ಮೈನಸ್ ಕಡೆ ವಾಲುತ್ತೆ, ಬಿಟ್ಟಾಗ ಮಧ್ಯಕ್ಕೆ ಬರುತ್ತೆ. ಡಿಕಂಪ್ರೆಸರ್ ಎತ್ತಿ ಆಮೀಟರ್ ಮುಳ್ಳು ನೋಡಿ ಕಿಕ್ ಹೊಡೆಯೋದನ್ನ ಎಲ್ಲಾ ಬುಲೆಟ್ಟಿನೋರೂ ಕಲಿತಿರ್ತಾರೆ. ಅದೇ ಮುಳ್ಳು ಟೈಮಿಂಗೂ ತೋರಿಸುತ್ತೆ ಅನ್ನೋದು ಎಷ್ಟೋ ಜನಕ್ಕೆ ಹೊಳೆಯಲ್ಲ.

ಇಟ್ಟಾದ ಮೇಲೆ ಪರೀಕ್ಷೆಗೆ ಚಾಮುಂಡಿ ಬೆಟ್ಟ ಇದ್ದೇ ಇದೆ. ಎಂಜಿನ್ ಬಿಸಿ ಆದ ಮೇಲೆ ಏರಿನಲ್ಲಿ ಮೂರನೇ ಗೇರಲ್ಲಿ, ವೇಗ ಸ್ವಲ್ಪ ಇಳಿಯೋಕೆ ಬಿಟ್ಟು ಆಕ್ಸಿಲರೇಟರ್ ಕೊಡು. ಹೆಲ್ಮೆಟ್ ಒಳಗೂ ಕಿಣಿಕಿಣಿ ಕೇಳಿಸಿದ್ರೆ ಅಲ್ಲೇ ಆಕ್ಸಿಲರೇಟರ್ ಬಿಡು, ಗೇರ್ ಇಳಿಸು, ಮನೆಗೆ ಬಂದು ಒಂದು ಕೂದಲು ಹಿಂದಕ್ಕೆ ಇಡು. ಕಿವಿಯಿಂದ ಟೈಮಿಂಗ್ ಇಡ್ತೀನಿ ಅನ್ನೋ ಮೇಸ್ತ್ರಿಗಳನ್ನ ನಾನು ಒಪ್ಪಲ್ಲ. ಅವರ ಕಿವಿ ನಿಂತ ಗಾಡಿ ಸದ್ದು ಕೇಳಿ ಇಡುತ್ತೆ, ತೊಂದರೆ ಕಾಣೋದು ಹೊರೆ ಬಿದ್ದಾಗ. ಕಿವಿ ಇರೋದು ಅಳತೆ ಆದ ಮೇಲೆ ಸರಿ ಇದೆಯಾ ಅಂತ ನೋಡೋಕೆ. ಇನ್ನೊಂದು, ಈಗಿನ ಪೆಟ್ರೋಲೂ ಬೇರೆ, ಇಂಜೆಕ್ಷನ್ನು ಸೆನ್ಸರ್ರು ಇಲ್ಲದ ಗಾಡಿ ಅದಕ್ಕೆ ತಾನಾಗೇ ಹೊಂದ್ಕೊಳಲ್ಲ. 2000ದಿಂದ ಸೀಸ ಇಲ್ಲ, ಈಗ ನೂರಕ್ಕೆ 20 ಎಥನಾಲ್. ಎಥನಾಲ್ ಸೇರಿದ್ರೆ ಕಿಣಿಕಿಣಿ ಕಮ್ಮೀನೇ, ಆದ್ರೆ ಮಿಶ್ರಣ ತೆಳು ಆಗುತ್ತೆ, ಎಂಜಿನ್ ಕಾಯುತ್ತೆ. ಆ ಕಾವಿನ ಮೇಲೆ ಲೇಟಾದ ಟೈಮಿಂಗಿನ ಕಾವೂ ಸೇರೋದು ಬೇಡ. ಜೆಟ್ ಒಂದು ನಂಬರ್ ದೊಡ್ಡದು ಹಾಕೋ ಮಾತು ಆಗ ಬರುತ್ತೆ, ಟೈಮಿಂಗ್ ಸರಿ ಆದ ಮೇಲೆ, ಪ್ಲಗ್ಗಿನ ಬಣ್ಣ ನೋಡ್ಕೊಂಡು.

"ಪಾಯಿಂಟೇ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕ್ಸು ಅಂತಾರೆ ಕೆಲವರು."

ಅದು ಕೆಟ್ಟದ್ದಲ್ಲ. ಸವೆಯೋ ಫೈಬರೇ ಇಲ್ಲದ ಮೇಲೆ ಟೈಮಿಂಗ್ ಜಾರಲ್ಲ. ದಿನಾ ನಲವತ್ತು ಐವತ್ತು ಕಿಲೋಮೀಟರ್ ಓಡಿಸೋಳಾದ್ರೆ ಹಾಕ್ಸು ಅಂತ ನಾನೇ ಹೇಳ್ತಿದ್ದೆ. ಆದ್ರೆ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ಬರೋ ಗಾಡಿಗೆ ಪಾಯಿಂಟೇ ಇರಲಿ. ಕಿಟ್ ಕೆಟ್ರೆ ಒಂದೇ ಸಲ ಕೆಡುತ್ತೆ, ದಾರೀಲಿ ಏನೂ ಮಾಡೋಕಾಗಲ್ಲ. ಪಾಯಿಂಟ್ ಮುಂಚೇನೇ ಸುಳಿವು ಕೊಟ್ಟು ಕೆಡುತ್ತೆ. ಗ್ಯಾಪ್ ಮುಚ್ಚಿಹೋಗಿ ರಸ್ತೇಲಿ ನಿಂತ್ರೂ ಪರ್ಸಲ್ಲಿರೋ ವಿಸಿಟಿಂಗ್ ಕಾರ್ಡ್ ಮಧ್ಯೆ ಇಟ್ಟು ಗ್ಯಾಪ್ ಮಾಡ್ಕೊಂಡು ಮನೆ ಸೇರ್ಬಹುದು. ಮತ್ತೆ, ಈ ಗಾಡೀನ ಕೈಯಲ್ಲಿ ಮುಟ್ಟಿ ಅರ್ಥ ಮಾಡ್ಕೊಳ್ಳೋಕೆ ಇರೋ ಬಾಗಿಲು ಈ ಕವರ್. ಅದನ್ನ ಮುಚ್ಚಿಬಿಟ್ರೆ ಉಳಿಯೋದು ಒರೆಸೋ ಕೆಲಸ ಮಾತ್ರ. ನಿನಗೆ ಅಷ್ಟು ಸಾಲದು ಅನ್ನೋದು ಬೆಳಿಗ್ಗೆಯಿಂದ ನೀನು ಪಡ್ತಿರೋ ಪಾಡಲ್ಲೇ ಕಾಣುತ್ತೆ.

ಹೊಸ ಪಾಯಿಂಟ್ ತಗೊಳ್ಳುವಾಗ ಅಂಗಡೀಲೇ ಬೆಳಕಿಗೆ ಹಿಡಿದು ನೋಡು. ಎರಡು ಮುಖವೂ ನೇರ ಎದುರುಬದುರು ಕೂರ್ಬೇಕು, ಓರೆ ಇದ್ರೆ ವಾಪಸ್ ಕೊಡು. ಸ್ಪ್ರಿಂಗ್ ಬಿಗಿ ಇರಲಿ. ಹೊಸ ಫೈಬರ್ ಮೊದಮೊದಲು ಬೇಗ ಸವೆದು ಕ್ಯಾಮಿಗೆ ಹೊಂದ್ಕೊಳುತ್ತೆ, ಅದಕ್ಕೆ ಒಂದು 500 ಕಿ.ಮೀ. ಆದ ಮೇಲೆ ಗ್ಯಾಪೂ ಟೈಮಿಂಗೂ ಇನ್ನೊಂದ್ಸಲ ನೋಡ್ಬೇಕು. ಕ್ಯಾಮಿಗೆ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು, ಜಾಸ್ತಿ ಆದ್ರೆ ಹಾರಿ ಪಾಯಿಂಟಿನ ಮುಖಕ್ಕೆ ಮೆತ್ಕೊಳುತ್ತೆ.

ಸಾಯಂಕಾಲ ಬಿಸಿಲು ಇಳಿದ ಮೇಲೆ ಬಲಗಡೆ ಕವರ್ ಬಿಚ್ಚಿಡು, ನಾನು ಆ ಕಡೆ ಬರ್ತೀನಿ. ಫಿಲ್ಲರ್ ಗೇಜು, ವರ್ನಿಯರ್, ಸಣ್ಣ ಅರ ನನ್ನ ಹತ್ರ ಇದೆ. ಆರು ವೋಲ್ಟಿನ ಬಲ್ಬು, ಎರಡು ತುಂಡು ವೈರು, ಗಾಡಿಯ ಪುಸ್ತಕ ನೀನು ಹುಡುಕಿಡು. ಪುಸ್ತಕ ನಿಮ್ಮ ತಾತನ ಬೀರುವಲ್ಲಿ ಇರ್ಬೇಕು, ಅಮ್ಮನ್ನ ಕೇಳು. ಬ್ಯಾಟರೀನ ಈಗಲೇ ಚಾರ್ಜಿಗೆ ಹಾಕು, ಇಲ್ದಿದ್ರೆ ಬಲ್ಬು ಮಿಣಮಿಣ ಅಂತ ಎಲ್ಲಿ ಹತ್ತಿತು ಅನ್ನೋದೇ ಗೊತ್ತಾಗಲ್ಲ.